61ನೇ ವಯಸ್ಸಿನಾಗ ಒಬ್ಬಾಕೆನೇ ಚಿಕಾಗೊಕ್ಕ ಹೊಂಟೀನಿ, ವೀಲ್‌ಚೇರ್ ತಗೊಳ್ಳಾ ಬ್ಯಾಡಾ?

ಕಲಬುರಗಿ ಅಕ್ಕೋರು

ಎಲ್ಲರಿಗೂ ಶರಣ್ರಿ. ನಾ ಕಲಬುರಗಿಯಾಕಿ, ವಯಸ್ಸು 61, ಪ್ರೈಮರಿ ಶಾಲಿದಾಗ ಕಲಿಸಿ ಹೋದ ವರ್ಷ ರಿಟೈರ್ ಆಗೀನಿ. ಮಗಳು ಚಿಕಾಗೊದಾಗ ಅದಾಳ, ಚೊಚ್ಚಲ ಹೆರಿಗಿ, ಬಾಣಂತನಕ್ಕ ನಾನೇ ಹೋಗ್ಬೇಕು. ಅತ್ತಿಯವರು ಹಾಸಿಗಿ ಹಿಡದಾರ, ಅವರನ್ನ ಬಿಟ್ಟು ನಮ್ಮನಿಯವರು ಬರಂಗಿಲ್ಲ, ಹಂಗಾಗಿ ಒಬ್ಬಾಕೆನೇ ಹೋಗೋದಂತ ನಿಕ್ಕಿ ಆಗ್ಯದ. ವೀಸಾ ಬಂದದ, ಟಿಕೆಟೂ ಆಗ್ಯದ, ಹೈದರಾಬಾದಿಂದ ದುಬೈ, ದುಬೈದಿಂದ ಚಿಕಾಗೊ, ನಡುವ ನಾಕು ತಾಸು ಟೈಮ್ ಅದ.

ನಾ ಇಲ್ಲಿತನಕ ವಿಮಾನ ಹತ್ತಿಲ್ಲ. ಸೇಡಂ ರೋಡಿಗಿ ನಮ್ಮೂರಿನ ವಿಮಾನ ನಿಲ್ದಾಣ 2019ರಾಗ ಶುರು ಆತಲ್ಲ, ಅದನ್ನೂ ಹೊರಗಿಂದ ನೋಡೀನಿ ಅಷ್ಟೇ. ಇಂಗ್ಲಿಷ್ ಓದ್ಲಾಕ ಬರ್ತದ, ಐದನೇತ್ತದ ಮಕ್ಕಳಿಗಿ ಕಲಿಸೀನಿ ಕೂಡ, ಆದ್ರ ಅಲ್ಲಿಯವರು ಜೋರಾಗಿ ಮಾತಾಡಿದ್ರ ಅರ್ಧ ತಿಳಿಯಂಗಿಲ್ಲ. ಹಿಂದಿ ನಮ್ಮ ಕಡಿ ಹಿಂದಿ ಬರ್ತದ.

ಈಗ ಮಗಳು ನನ್ನ ಹೆಸರಿಗಿ ವೀಲ್‌ಚೇರ್ ಬುಕ್ ಮಾಡ್ತೀನಿ ಅಂತ ಹಟ ಹಿಡದಾಳ. ಅವ್ವಾ ನೀ ಸುಮ್ಮ ಕೂಡು, ಅವರೇ ಒಂದು ವಿಮಾನದಿಂದ ಇನ್ನೊಂದಕ್ಕ ಒಯ್ತಾರ, ಎಲ್ಲರ ಅಮ್ಮಂದಿರೂ ಹಿಂಗೇ ಬರ್ತಾರ ಅಂತಾಳ. ನನಗ ಮನಸ್ಸು ಒಪ್ಪವಲ್ದು. ಗಾಣಗಾಪುರದಾಗ ಗುಡಿಯಿಂದ ಸಂಗಮದ ತನಕ ನಡದು ವಾಪಸ್ ನಡದೇ ಬರಾಕಿ ನಾ, ಕಾಲು ಗಟ್ಟಿ ಅವ, ಹಂಗಿದ್ದು ಕುರ್ಚಿದಾಗ ಕುಂತು ಹೋಗೋದಂದ್ರ ಸುಳ್ಳು ಹೇಳಿದಂಗ ಆಗ್ತದ ಅನಸ್ತದ. ಆದ್ರ ರಾತ್ರಿ ಮಲಗಿದಾಗ ದುಬೈದಾಗ ದಾರಿ ತಪ್ಪಿದ್ರ ಏನ್ ಗತಿ ಅಂತ ಎದಿ ಡವಡವ ಅಂತದ. ಒಬ್ಬರೇ ಹೋಗಿ ಬಂದವರು ಇದ್ರ ಖರೇ ಖರೇ ಹೇಳ್ರಿ, ಛಲೋದೂ ಹೇಳ್ರಿ, ತ್ರಾಸ ಆಗಿದ್ದೂ ಹೇಳ್ರಿ.

ಇನ್ನೊಂದು, ಅಂಟಿನುಂಡಿ, ಶೇಂಗಾ ಹಿಂಡಿ, ಖಡಕ್ ರೊಟ್ಟಿ ಒಯ್ಯಬೇಕಂತ ಮಾಡೀನಿ. ಕೂಸಿಗಿ ಒಂದು ಕೌದಿನೂ ಹೊಲಿಲಾಕತ್ತೀನಿ. ಏನ್ ಒಯ್ಯಬಹುದು ಏನ್ ಬ್ಯಾಡ ಅದನ್ನೂ ತಿಳಿಸ್ರಿ.

ಆಳಂದದವ

ಅಕ್ಕೋರೇ, ಮೊದಲು ಉಂಡಿ ಮಾತು, ಯಾಕಂದ್ರ ಇದು ಭಾಳ ಮುಖ್ಯ. ಅಂಟಿನುಂಡಿಗಿ ಗಸಗಸಿ ಹಾಕಬ್ಯಾಡ್ರಿ. ದುಬೈ ಇರೋ ಯುಎಇ ದೇಶದಾಗ ಗಸಗಸಿ ಮಾದಕ ವಸ್ತು ಲೆಕ್ಕದಾಗ ಬರ್ತದ, ಒಂದು ಚಮಚಾನೂ ಬ್ಯಾಡ. ನೀವು ದುಬೈ ಒಳಗ ಇಳಿಯಂಗಿಲ್ಲ, ವಿಮಾನ ಅಷ್ಟೇ ಬದಲಿ ಮಾಡ್ತೀರಿ, ಆದ್ರೂ ಯಾಕ ಬೇಕು ಆ ಉಸಾಬರಿ. ನಮ್ಮ ಮನ್ಯಾಗ ಮಸಾಲಿಗಿ, ಉಂಡಿಗಿ ಎಲ್ಲಾದಕ್ಕೂ ಅದು ಬೀಳ್ತದ, ಹಾಕೋದು ಕೈಗಿ ರೂಢಿ ಆಗಿರ್ತದ, ಅದಕ್ಕೇ ಹೇಳ್ಲಾಕತ್ತೀನಿ. ಗುಳಿಗಿನೂ ಅಷ್ಟೇ, ಕೊಡೀನ್, ಟ್ರಮಡಾಲ್ ಇರೋ ಕೆಮ್ಮಿನ ಔಷಧ, ನೋವಿನ ಗುಳಿಗಿ ಅಲ್ಲಿ ಪರವಾನಗಿ ಇಲ್ದೆ ನಡಿಯಂಗಿಲ್ಲ. ಬಿಪಿ ಶುಗರ್ ಗುಳಿಗಿಗಿ ತ್ರಾಸಿಲ್ಲ, ಡಾಕ್ಟರ್ ಚೀಟಿ ಜತಿಗಿರಲಿ, ಗುಳಿಗಿ ಕೈಬ್ಯಾಗಿನಾಗ ಇರಲಿ.

ಬಟ್ಲ ಕೊಬ್ಬರಿ ಇಡೀದು ಚೆಕ್-ಇನ್ ಬ್ಯಾಗಿನಾಗ ಇಡಬ್ಯಾಡ್ರಿ, ಎಣ್ಣಿ ಅಂಶ ಇರ್ತದ, ಬೆಂಕಿ ಹತ್ತುವ ವಸ್ತು ಅಂತ ತೆಗಸ್ತಾರ. ಪವರ್ ಬ್ಯಾಂಕ್ ಉಲ್ಟಾ, ಅದು ಕೈಬ್ಯಾಗಿನಾಗೇ ಇರ್ಬೇಕು.

ನಾ ದುಬೈದಾಗ 14 ವರ್ಷ ಎಸಿ ಕೆಲಸ ಮಾಡೀನಿ. ಮೊದಲ ಸಲ ಹೋಗುವಾಗ ನನ್ನ ಪಾಸ್‌ಪೋರ್ಟ್ ಇಸಿಆರ್ ಇತ್ತು, ಹತ್ತನೇತ್ತ ಪಾಸಾಗದವರಿಗಿ ಹಂಗ ಬರ್ತದ, ನೌಕರಿಗಿ ಗಲ್ಫ್ ದೇಶಗಳಿಗಿ ಹೋಗಬೇಕಂದ್ರ ಸರ್ಕಾರದ ಎಮಿಗ್ರೇಷನ್ ಪರವಾನಗಿ ಬೇಕು. ಏಜೆಂಟ್ ಅದನ್ನ ಮಾಡಿಸಿಲ್ಲದೇ ವಿಸಿಟ್ ವೀಸಾ ಕೊಟ್ಟು ಕಳಸಿದ್ದ, ಏರ್‌ಪೋರ್ಟಿನಾಗೇ ಇಳಿಸಿ ಕಳಿಸಿದ್ರು. ಬೆಳಿಗ್ಗಿ ಊರಿಗಿ ವಾಪಸ್ ಬಂದಾಗ ನಮ್ಮವ್ವ ಬಾಗಲಾಗ ಕುಂತಿದ್ಲು, ಏನೂ ಕೇಳಲಿಲ್ಲ, ರೊಟ್ಟಿ ಹಾಕಿಕೊಟ್ಲು. ಇವತ್ತಿಗೂ ಅದು ನೆನಪಾದ್ರ ಗಂಟಲು ಕಟ್ತದ. ನಿಮಗ ಈ ತ್ರಾಸ ಬರಂಗಿಲ್ರಿ, ಆದ್ರ ಇದನ್ನ ಓದೋರಾಗ ಯಾರರ ಹುಡುಗರು ಇದ್ರ ತಿಳ್ಕೊಳ್ಳಲಿ ಅಂತ ಬರದೀನಿ.

ಸೇಡಂ ಮಗ

ವೀಲ್‌ಚೇರ್ ಬಗ್ಗೆ ನನ್ನ ಮಾತು ಸ್ವಲ್ಪ ಕಡಕ್ ಅನಸಬಹುದು, ಸಿಟ್ಟಾಗಬ್ಯಾಡ್ರಿ ಅಕ್ಕೋರೇ. ನಮ್ಮಪ್ಪಗ ಲಕ್ವಾ ಹೊಡದದ, ಎಡಗಾಲು ಎತ್ತಲಾಕ ಬರಂಗಿಲ್ಲ. ತಮ್ಮನ ಹತ್ರ ಕರ್ಕೊಂಡು ಹೋಗುವಾಗ ವಿಮಾನದಿಂದ ಇಳದ ಮ್ಯಾಲ ಕುರ್ಚಿಗಾಗಿ 50 ನಿಮಿಷ ಕಾಯ್ದೀವಿ. ಸಾಲಿನಾಗ ನಮಗಿಂತ ಮುಂದ 20 ಮಂದಿ, ಅವರಾಗ ಎಷ್ಟೋ ಮಂದಿ ಮುಂದ ಬ್ಯಾಗ್ ಬರೋ ಜಾಗದಾಗ ಎದ್ದು ನಿಂತು 23 ಕೆಜಿ ಬ್ಯಾಗ್ ತಾವೇ ಎತ್ತಿಕೊಂಡ್ರು. ಅಪ್ಪ ಅಷ್ಟೊತ್ತು ಗ್ವಾಡಿ ಹಿಡಕೊಂಡು ನಿಂತಿದ್ದ.

ನಡಿಲಾಕ ಬರ್ತದಂದ್ರ ವೀಲ್‌ಚೇರ್ ಬ್ಯಾಡ್ರಿ. ಅದರ ಬದಲಿ ಮೀಟ್ ಅಂಡ್ ಅಸಿಸ್ಟ್ ಅಂತ ಕೇಳ್ರಿ, ಅಂದ್ರ ಒಬ್ಬರು ಜತಿಗಿ ನಡದು ಬಂದು ದಾರಿ ತೋರಸ್ತಾರ. ಮೊದಲ ಸಲ ಹೋಗೋರು, ಭಾಷಾ ಬರದವರು, ವಯಸ್ಸಾದವರಿಗಿ ಅಂತ ಇರೋದು ಅದು. ವಿಮಾನ ಕಂಪನಿಯವರಿಗಿ ಮೊದಲೇ ಫೋನ್ ಮಾಡಿ ಬುಕಿಂಗಿನಾಗ ಬರಸ್ಬೇಕು, ಎಲ್ಲಾ ಕಡಿ ಒಂದೇ ರೀತಿ ಇರಂಗಿಲ್ಲ, ಮಗಳಿಗಿ ಕೇಳ್ಲಾಕ ಹೇಳ್ರಿ.

ಬೀದರಿನ ಅಕ್ಕ

ಅಕ್ಕೋರೇ, ನಿಮ್ಮ ಪತ್ರ ಓದಿ ನನ್ನದೇ ಕಥಿ ಅನಸ್ತು. ನಾ ಎರಡು ವರ್ಷದ ಹಿಂದ ಹಿಂಗೇ ಒಬ್ಬಾಕೆನೇ ದುಬೈ ಮ್ಯಾಲಿಂದ ಅಮೆರಿಕಾಕ್ಕ ಹೋಗೀನಿ, ಸೊಸಿ ಬಾಣಂತನಕ್ಕ. ಹೋಗುವಾಗ ನಡ್ಕೊಂಡು ಹೋದೆ, ಬರುವಾಗ ಮೊಣಕಾಲು ಬಾತಿತ್ತು, ಕುರ್ಚಿ ತಗೊಂಡೆ. ಎರಡೂ ನೋಡೀನಿ.

ಹೈದರಾಬಾದಿನಾಗೇ ಎರಡೂ ವಿಮಾನದ ಬೋರ್ಡಿಂಗ್ ಪಾಸ್ ಕೊಡ್ತಾರ. ದೊಡ್ಡ ಬ್ಯಾಗಿಗಿ ಹಚ್ಚೋ ಚೀಟಿ ಮ್ಯಾಲ ಓಆರ್‌ಡಿ ಅಂತ ಅದನೋ ಇಲ್ಲೋ ನೀವೇ ನೋಡ್ರಿ, ಅದು ಚಿಕಾಗೊದ ಓಹೇರ್ ನಿಲ್ದಾಣದ ಗುರುತು, ಮೊದಲು ಆ ಜಾಗಕ್ಕ ಆರ್ಚರ್ಡ್ ಅಂತ ಹೆಸರಿತ್ತಂತ, ಅದಕ್ಕೇ ಆ ಅಕ್ಷರ. ಹಂಗಿದ್ರ ದುಬೈದಾಗ ಬ್ಯಾಗಿನ ಚಿಂತಿ ಇಲ್ಲ, ಅದು ಸೀದಾ ಹೋಗ್ತದ.

ದುಬೈದಾಗ ಒಂದು ಮಾತು ನೆನಪಿಡ್ರಿ. ನಮ್ಮ ಬಸ್ ಸ್ಟ್ಯಾಂಡಿನಾಗ ಹುಮನಾಬಾದ್ ಹುಮನಾಬಾದ್ ಅಂತ ಕೂಗ್ತಾರಲ್ಲ, ಅಲ್ಲಿ ಹಂಗ ಪ್ರತಿ ವಿಮಾನಕ್ಕ ಮೈಕಿನಾಗ ಕರಿಯಂಗಿಲ್ಲ. ನಾ ಕರೀತಾರಂತ ಕುಂತಿದ್ದೆ. ಬಾಜೂಕ ಕುಂತ ಕೇರಳದ ನರ್ಸ್ ಹುಡುಗಿ ನನ್ನ ಪಾಸ್ ನೋಡಿ, ಅಮ್ಮಾ ನಿಮ್ಮ ಗೇಟ್ ಇದಲ್ಲ, ಬದಲಿ ಆಗ್ಯದ ಅಂದ್ಲು, ಹಿಂದಿದಾಗ. ಬೋರ್ಡ್ ನೋಡ್ಬೇಕು, ಅರ್ಧ ತಾಸಿಗೊಮ್ಮೆ ನೋಡ್ಬೇಕು. ಗೇಟಿನ ಮುಂದ ಎ, ಬಿ, ಸಿ ಅಂತ ಅಕ್ಷರ ಇರ್ತದ, ಎ ಕಡಿ ಹೋಗ್ಲಾಕ ಏರ್‌ಪೋರ್ಟ್ ಒಳಗೇ ಒಂದು ಟ್ರೇನ್ ಅದ. ಆ ಹುಡುಗಿ ಟ್ರೇನಿನ ತನಕ ಬಂದು ಹತ್ತಿಸಿ ಹೋದ್ಲು. ಹೆಸರು ಕೇಳೋದೂ ಮರ್ತೆ, ಇವತ್ತಿಗೂ ದೀಪ ಹಚ್ಚುವಾಗ ಆಕಿ ನೆನಪು ಬರ್ತದ.

ಆಮ್ಯಾಲ 15 ತಾಸಿನ ವಿಮಾನ. ಊಟ ಆಗಿ ದೀಪ ಆರಿಸ್ತಾರ, ಎಲ್ಲರೂ ಮಲಗ್ತಾರ, ನನಗ ನಿದ್ದಿ ಬರಲಿಲ್ಲ. ಕೆಳಗ ಏನದ ಗೊತ್ತಿಲ್ಲ, ಊರಾಗ ಈಗ ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಮಾತಾಡ್ಸೋರು ಯಾರೂ ಇಲ್ಲ. ಅಳು ಬಂತ್ರಿ. ಮದುವಿ ಆಗಿ 35 ವರ್ಷದಾಗ ನಾ ಒಬ್ಬಾಕೆನೇ ಇಷ್ಟು ಹೊತ್ತು ಕುಂತಿದ್ದೇ ಇಲ್ಲ ಅಂತ ಅವಾಗ ಹೊಳೀತು, ಸದಾ ಯಾರರ ನೀರು ಕೇಳ್ತಿದ್ರು, ಚಹಾ ಕೇಳ್ತಿದ್ರು. ಅತ್ತು ಮುಗದ ಮ್ಯಾಲ ಒಂಥರಾ ಹಗೂರ ಅನಸ್ತು. ಎದ್ದು ಹಿಂದ ಹೋಗಿ ನಾನೇ ಚಹಾ ಕೇಳಿ ಇಸ್ಕೊಂಡೆ, ನಿಂತು ಕುಡದೆ. ಕಿಟಕಿ ಪರದಾ ಸ್ವಲ್ಪ ಸರಿಸಿ ನೋಡಿದ್ರ ಕೆಳಗ ಬರೇ ಬೆಳ್ಳಗ, ಬರ್ಫವೋ ಮೋಡವೋ ತಿಳೀಲಿಲ್ಲ, ಎಷ್ಟೊತ್ತು ನೋಡಿದೆನೋ. ನೀವೂ ತಾಸಿಗೊಮ್ಮೆ ಎದ್ದು ಓಡಾಡ್ರಿ, ಕಾಲು ಬಾಯೋದು, ರಕ್ತ ಹೆಪ್ಪುಗಟ್ಟೋ ಅಪಾಯ ಕಡಿಮಿ ಆಗ್ತದ, ನೀರು ಕುಡೀರಿ. ವೆಜ್ ಊಟ ಮೊದಲೇ ಬುಕ್ ಮಾಡಸ್ರಿ, ಅಲ್ಲಿ ಹೋಗಿ ಕೇಳಿದ್ರ ಸಿಗ್ತದಂತ ಖಾತ್ರಿ ಇಲ್ಲ. ವಿಮಾನ ಇಳಿವಾಗ ಕಿವಿ ಕಟ್ತಾವ, ಬಾಯಾಗ ಪೆಪ್ಪರಮಿಂಟ್ ಇಟ್ಕೊಂಡು ಉಗುಳು ನುಂಗ್ತಾ ಇರ್ರಿ.

ಕುರ್ಚಿ ಮಾತು. ಬರುವಾಗ ಕುರ್ಚಿ ತಂದವರು ಛಲೋನೇ ನೋಡ್ಕೊಂಡ್ರು, ಇಮಿಗ್ರೇಷನ್ ಸಾಲು ಬ್ಯಾರೆ, ಲಗೂ ಆತು. ಆದ್ರ ನಡುವಿನ ಊರಾಗ ಒಂದು ಕ್ವಾಣಿದಾಗ ಹತ್ತು ಕುರ್ಚಿ ಸಾಲಾಗಿ ನಿಲ್ಲಿಸಿ ಎರಡು ತಾಸು ಯಾರೂ ಬರಲಿಲ್ಲ, ಬಾತ್‌ರೂಮಿಗಿ ಹೋಗ್ಬೇಕಂದ್ರ ಯಾರ್ನ ಕೇಳೋದು ತಿಳೀಲಿಲ್ಲ. ಸೇಡಂ ತಮ್ಮ ಹೇಳಿದ್ದು ಖರೇ ಅದ. ಕಾಲು ಗಟ್ಟಿ ಇದ್ರ ನಡೀರಿ, ನೋವಿದ್ರ ನಾಚ್ಕೋಬ್ಯಾಡ್ರಿ.

ಇನ್ನ ತ್ರಾಸ ಅಂದ್ರ ಅದು ವಾಪಸ್ ಬರುವಾಗಿಂದು. ಐದು ತಿಂಗಳು ಎದಿ ಮ್ಯಾಲ ಮಲಗಿದ ಕೂಸು, ಸೆಕ್ಯುರಿಟಿ ಗೇಟಿನ ಆಚಿ ಕಡಿ ಸೊಸಿ ಕಂಕುಳಾಗ ಇತ್ತು, ನಾ ಈಚಿ ಕಡಿ. ಅದಕ್ಕ ಯಾವ ಉಪಾಯನೂ ಇಲ್ರಿ, ಮೊದಲೇ ಹೇಳಿಡ್ತೀನಿ ಅಷ್ಟೇ.

ಯಾದಗಿರಿ ಹುಡುಗಿ, ಓದು ಅಮೆರಿಕಾದಾಗ

ಬೀದರ ಆಂಟಿ ಬರದಿದ್ದು ಓದಿ ಕಣ್ಣಾಗ ನೀರು ಬಂತು, ನಮ್ಮವ್ವ ಇನ್ನಾ ಬಂದಿಲ್ಲ ಇಲ್ಲಿಗಿ.

ಅಕ್ಕೋರೇ, ಚಿಕಾಗೊದಾಗ ಇಳದ ಮ್ಯಾಲಿಂದು ನಾ ಹೇಳ್ತೀನಿ. ಇಮಿಗ್ರೇಷನ್ ಆಫೀಸರ್ ಯಾಕ ಬಂದೀರಿ, ಎಲ್ಲಿ ಇರ್ತೀರಿ, ಎಷ್ಟು ದಿನ, ಇಷ್ಟೇ ಕೇಳೋದು ಹೆಚ್ಚು. ಮಗಳ ಮನಿ, ಮೊಮ್ಮಗು ನೋಡ್ಲಾಕ ಬಂದೀನಿ, ಇಂಥ ತಿಂಗಳು ವಾಪಸ್ ಹೋಗ್ತೀನಿ ಅಂತ ಇದ್ದದ್ದು ಇದ್ದಂಗ ಹೇಳ್ರಿ, ಮಗಳ ವಿಳಾಸ ಫೋನ್ ನಂಬರ್ ಕಾಗದದ ಮ್ಯಾಲ ದೊಡ್ಡ ಅಕ್ಷರದಾಗ ಬರದು ಪಾಸ್‌ಪೋರ್ಟ್ ಜತಿ ಇಟ್ಕೋರಿ, ಫೋನ್ ಚಾರ್ಜ್ ಹೋದ್ರೂ ಕಾಗದ ಇರ್ತದ. ರಿಟರ್ನ್ ಟಿಕೆಟ್ ಪ್ರಿಂಟ್ ಇರಲಿ. ತಿಳೀಲಿಲ್ಲಂದ್ರ ನಿಧಾನ ಹೇಳ್ರಿ ಅಂತ ಕೇಳ್ರಿ, ಹಿಂದಿ ಬರೋರು ಬೇಕು ಅಂತಾನೂ ಕೇಳಬಹುದು, ಅದು ತಪ್ಪಲ್ಲ. ವೀಸಾ 10 ವರ್ಷದ್ದು ಇದ್ರೂ ಒಂದು ಸಲಕ್ಕ ಎಷ್ಟು ದಿನ ಇರಬಹುದು ಅನ್ನೋದು ಅಲ್ಲೇ ಅವರೇ ನಿಕ್ಕಿ ಮಾಡ್ತಾರ, ಸಾಮಾನ್ಯವಾಗಿ ಆರು ತಿಂಗಳು, ಆ ತಾರೀಖು ನೋಡ್ಕೋರಿ.

ತಿನ್ನೋ ಸಾಮಾನು ಏನಿದ್ರೂ ಅದ ಅಂತ ಹೇಳಿಬಿಡ್ರಿ, ಮುಚ್ಚಿಟ್ಟು ಸಿಕ್ಕರೆ ದಂಡ, ಹೇಳಿದ್ರ ಹೆಚ್ಚಂದ್ರ ಇಸ್ಕೊಂಡು ಒಗೀತಾರ. ಹಸಿ ಕರಿಬೇವು ಬಿಲ್‌ಕುಲ್ ಬ್ಯಾಡ, ಅದು ನಿಂಬಿ ಕಿತ್ತಳಿ ಜಾತಿ ಗಿಡ, ಅದರ ಎಲಿ ಮ್ಯಾಲಿನ ಹುಳದಿಂದ ಇಲ್ಲಿ ಕಿತ್ತಳಿ ತೋಟಕ್ಕ ರೋಗ ಬರ್ತದಂತ ಬಿಡಂಗಿಲ್ಲ. ಹಣ್ಣು, ಹಸಿ ತರಕಾರಿನೂ ಬ್ಯಾಡ. ಖಡಕ್ ರೊಟ್ಟಿ ಧಾರಾಳ ತರ್ರಿ. ಶೇಂಗಾ ಹಿಂಡಿ ಕೈಬ್ಯಾಗಿನಾಗ ಇಡಬ್ಯಾಡ್ರಿ, ಅಮೆರಿಕಾಕ್ಕ ಬರೋ ವಿಮಾನದಾಗ 350 ಎಂಎಲ್ ಡಬ್ಬಿಗಿಂತ ಹೆಚ್ಚು ಪುಡಿ ಕೈಯಾಗ ಇದ್ರ ತಡೀತಾರ, ಅದು ಚೆಕ್-ಇನ್ ಬ್ಯಾಗಿಗಿ. ಉಪ್ಪಿನಕಾಯಿ, ತುಪ್ಪ ಕೈಬ್ಯಾಗಿನಾಗ ಬ್ಯಾಡ, ನೀರಿನ ಅಂಶದ್ದು 100 ಎಂಎಲ್ ದಾಟಂಗಿಲ್ಲ.

ಕೌದಿ ಮಾತ್ರ ಕೈಬ್ಯಾಗಿನಾಗೇ ಇಟ್ಕೋರಿ. ವಿಮಾನದಾಗ ಭಾಳ ಥಂಡಿ ಇರ್ತದ, ಬ್ಯಾಗ್ ತಡಾ ಆದ್ರೂ ಕೌದಿ ನಿಮ್ಮ ಹತ್ರ ಇರ್ತದ. ನಂದು ಒಮ್ಮೆ ಮುಂದಿನ ವಿಮಾನ ತಪ್ಪಿ ಒಂದು ರಾತ್ರಿ ಏರ್‌ಪೋರ್ಟಿನಾಗೇ ಕಳೀಬೇಕಾತು, ಕೌಂಟರಿನಾಗ ಕುಂತವರು ನಾಳೆ ಬಾ ಅಂತ ಅಷ್ಟೇ ಅಂದ್ರು, ಬ್ಯಾಗ್ ಒಳಗ ಸಿಕ್ಕೊಂಡಿತ್ತು, ಮೈಮ್ಯಾಲ ಒಂದು ದುಪಟ್ಟಾ ಅಷ್ಟೇ. ಆ ರಾತ್ರಿ ಥಂಡಿಗಿಂತ ಮನಿಗಿ ಫೋನ್ ಮಾಡಿ ಆರಾಮ ಅದೀನಿ ಅಂತ ಹೇಳೋದೇ ಕಷ್ಟ ಆಗಿತ್ತು.

ಕಲಬುರಗಿ ಅಕ್ಕೋರು

ನಿಮ್ಮೆಲ್ಲರ ಮಾತು ಎರಡೆರಡು ಸಲ ಓದೀನಿ, ನಮ್ಮನಿಯವರಿಗೂ ಓದಿ ಹೇಳಿದೆ. ಸೇಡಂ ತಮ್ಮಾ, ನಿಮ್ಮಪ್ಪನವರು ಗ್ವಾಡಿ ಹಿಡಕೊಂಡು ನಿಂತಿದ್ದು ಓದಿದ ಮ್ಯಾಲ ಕುರ್ಚಿ ಬ್ಯಾಡಂತ ಮಗಳಿಗಿ ಹೇಳಿಬಿಟ್ಟೆ. ಮೊದಲು ಸಿಟ್ಟಾದ್ಲು, ಆಮ್ಯಾಲ ಮೀಟ್ ಅಂಡ್ ಅಸಿಸ್ಟ್ ಕೇಳಿದ್ಲು, ದುಬೈದಾಗ ಒಬ್ಬರು ಗೇಟಿನ ತನಕ ಜತಿಗಿ ಬರ್ತಾರಂತ. ಬಂದ್ರ ಛಲೋ, ಬರಲಿಲ್ಲಂದ್ರ ಬೋರ್ಡ್ ಓದ್ಕೊಂಡು ಹೋಗ್ತೀನಿ. ಸಂಬಂಧದಾಗ ಮೊಮ್ಮಗ ಆಗಬೇಕಾದ ಹುಡುಗ ಒಬ್ಬ ಫೋನಿನಾಗ ದುಬೈ ನಿಲ್ದಾಣದ ನಕ್ಷೆ ತೆಗೆದು ತೋರಿಸ್ಯಾನ, ಎ, ಬಿ, ಸಿ ಎಲ್ಲಿ ಅದಾವಂತ ನೋಟ್‌ಬುಕ್ಕಿನಾಗ ಬರಕೊಂಡೀನಿ.

ಟ್ಯಾಕ್ಸಿ ಮಾತಾಡಿಸೀವಿ, ಮಳಖೇಡ, ಸೇಡಂ, ಕೊಡಂಗಲ್, ಪರಿಗಿ ಮ್ಯಾಲಿಂದ ಶಂಷಾಬಾದ್. ನಮ್ಮನಿಯವರು ಏರ್‌ಪೋರ್ಟ್ ಬಾಗಲ ತನಕ ಬರ್ತಾರ, ಅಷ್ಟೊತ್ತು ಅತ್ತಿಯವರ ಹತ್ರ ನನ್ನ ತಂಗಿ ಕೂಡ್ತಾಳ. ಗಸಗಸಿ ಡಬ್ಬಿ ಅಡಗಿಮನ್ಯಾಗಿಂದ ತೆಗೆದು ಮ್ಯಾಲಿನ ಅಟ್ಟದಾಗ ಇಟ್ಟೀನಿ, ಕೈ ತಪ್ಪಿ ಬೀಳೋದು ಬ್ಯಾಡಂತ.

ಬೀದರಿನ ಅಕ್ಕಾ, ನೀವು ಹೇಳಿದ ಆ ವಾಪಸ್ ಬರೋ ಮಾತು ರಾತ್ರಿ ನಿದ್ದಿ ಕೊಟ್ಟಿಲ್ಲ. ಆದ್ರೂ ಹೇಳಿದ್ದು ಛಲೋ ಆತು.

ಒಂದು ಮಾತು ಕೇಳೋದು ಮರ್ತೆ. ಬಾಣಂತಿಗಿ ಅಳ್ವಿ ಬೀಜ ಒಯ್ಯಬೇಕಂತ ಮಾಡಿದ್ದೆ, ಬೀಜ ಬಿಡ್ತಾರೇನ್ರಿ?

ಯಾದಗಿರಿ ಹುಡುಗಿ, ಓದು ಅಮೆರಿಕಾದಾಗ

ಮೊಳಕಿ ಬರೋ ಬೀಜ ಅಂದ್ರ ಅನುಮಾನ ಪಡ್ತಾರ ಅಕ್ಕೋರೇ. ಮನ್ಯಾಗೇ ಹುರಿದು ಪುಡಿ ಮಾಡ್ರಿ, ಡಬ್ಬಿ ಮ್ಯಾಲ ಏನಂತ ಇಂಗ್ಲಿಷಿನಾಗ ಚೀಟಿ ಹಚ್ಚಿ ದೊಡ್ಡ ಬ್ಯಾಗಿನಾಗ ಇಡ್ರಿ, ಕಸ್ಟಮ್ಸ್‌ನಾಗ ಇದೂ ಅದ ಅಂತ ಹೇಳ್ರಿ, ಕೇಳಿದ್ರ ತೋರಿಸ್ರಿ. ಹೊಂಡೋ ದಿನ ಇಲ್ಲಿ ಒಂದು ಸಾಲು ಬರೀರಿ, ಆ ರಾತ್ರಿ ನಾ ಎಚ್ಚರ ಇರ್ತೀನಿ.