ಗೋಡೆಯ ಅಡ್ಡ ಗೆರೆ

ಬಸಣ್ಣ ಕಾಕಾ: (ಫೋಟೋ) ನೋಡ್ರಿ, ರಿಂಗ್ ರೋಡ್ ಮನೆಗೆ ವೈರಿಂಗ್ ಶುರುವಾಯಿತು. ಗೋಡೆಯನ್ನು ಅಡ್ಡ ಕೊರೆದು ಹಾಲ್ ಬೋರ್ಡಿನಿಂದ ಅಡುಗೆಮನೆ ಬೋರ್ಡಿಗೆ ಸೀದಾ ಪೈಪ್. ಮೇಲೆ ಹತ್ತಿಸಿ ಇಳಿಸುವ ಕೆಲಸ ಇಲ್ಲ. ಪೈಪೂ ಉಳಿಯಿತು, ವೈರೂ ಉಳಿಯಿತು.

ಶಿವು: ಭಾರಿ ಆಯಿತು ಕಾಕಾ.

ಸುಜಾತಾ: ಕಾಕಾ, ಸಿಟ್ಟಾಗಬೇಡಿ, ಮೊದಲು ಫೋನ್ ಮಾಡಿ ಕೆಲಸ ನಿಲ್ಲಿಸಿ. ಅದು 4 ಇಂಚಿನ ಗೋಡೆ ಅಲ್ವಾ? ಫೋಟೋ ದೊಡ್ಡದು ಮಾಡಿ ನೋಡಿದೆ. ಇಟ್ಟಿಗೆ ಅರ್ಧಕ್ಕರ್ಧ ಹೋಗಿದೆ. ಬಾಗಿಲ ಹತ್ತಿರ ಒಂದು ಕಡೆ ಆಚೆಯ ಬೆಳಕು ಕಾಣುತ್ತಿದೆ.

ಬಸಣ್ಣ ಕಾಕಾ: 8 ಅಡಿ ಕೊರೆದರೆ ಗೋಡೆ ಬೀಳುತ್ತದಾ? ನಮ್ಮ ಹಳೇ ಮನೆಯಲ್ಲಿ 40 ವರ್ಷ ವೈರ್ ಇತ್ತು. ಏನಾಯಿತು?

ಸುಜಾತಾ: ಹಳೇ ಮನೆಯದು ಕಲ್ಲಿನ ಗೋಡೆ ಕಾಕಾ, ಕಿಟಕಿಯಲ್ಲಿ ನಾವೆಲ್ಲ ಕಾಲು ಮಡಚಿ ಕೂತು ಓದುತ್ತಿದ್ದೆವು, ಅಷ್ಟು ದಪ್ಪ. ಮತ್ತೆ ಅಲ್ಲಿ ವೈರ್ ಗೋಡೆ ಒಳಗೆ ಹೋಗಲೇ ಇಲ್ಲ, ಕಟ್ಟಿಗೆ ಪಟ್ಟಿ ಮೇಲಿತ್ತು. ಇಲ್ಲಿ ಲೆಕ್ಕವೇ ಬೇರೆ. ನಾವು ಕಟ್ಟಡದ ಸೈಟಿನಲ್ಲಿ ಐಎಸ್ 1905 ಅಂತ ಇಟ್ಟಿಗೆ-ಕಲ್ಲಿನ ಗೋಡೆಗಳ ಭಾರತೀಯ ಮಾನದಂಡ ನೋಡುತ್ತೇವೆ. ಮೇಲಿಂದ ಕೆಳಕ್ಕೆ ನೆಟ್ಟಗೆ ಕೊರೆದರೆ ಆಳ ಗೋಡೆ ದಪ್ಪದ ಮೂರರಲ್ಲಿ ಒಂದು ಪಾಲು, ಅಡ್ಡ ಕೊರೆದರೆ ಆರರಲ್ಲಿ ಒಂದೇ ಪಾಲು. 4 ಇಂಚಿನ ಗೋಡೆಯಲ್ಲಿ ಅದು 17 ಮಿಲಿಮೀಟರ್ ಸಹ ಆಗುವುದಿಲ್ಲ. ನಿಮ್ಮ ಪೈಪೇ 25! ತೀರಾ ಅನಿವಾರ್ಯ ಅಂದರೂ ಅಡ್ಡ ಗೆರೆ ಗೋಡೆಯ ಮೇಲಿನ ಅಥವಾ ಕೆಳಗಿನ ಭಾಗದಲ್ಲಿರಬೇಕು. ನಿಮ್ಮದು ನಟ್ಟನಡುವೆ ಇದೆ.

ಚೆನ್ನಮ್ಮ ಅತ್ತಿ: ಬಸಣ್ಣಾ, ಅವಳ ಮಾತು ಕೇಳು. ನಮ್ಮ ಮನೆಯಲ್ಲೂ ಹೀಗೇ ಅಡ್ಡ ಹಾಕಿದ್ದರು. ಹೋದ ಬೇಸಿಗೆ ಕಪಾಟು ಕೂರಿಸಲು ಹುಡುಗ ಡ್ರಿಲ್ ಇಟ್ಟ. ಬೋರ್ಡು ಅಲ್ಲಿಂದ 5 ಅಡಿ ದೂರ, ಅಲ್ಲಿ ವೈರ್ ಇದೆ ಅಂತ ಯಾರಿಗೆ ಗೊತ್ತು? ಟಪ್ ಅಂತ ಶಬ್ದ, ಮನೆಯೆಲ್ಲ ಕತ್ತಲೆ. ಡ್ರಿಲ್ಲಿನ ಮೂತಿ ಕಪ್ಪಗಾಗಿತ್ತು. ಆ ಹುಡುಗ ಅರ್ಧ ಗಂಟೆ ನೀರು ಕುಡಿಯುತ್ತ ಕೂತಿದ್ದ, ಮಾತೇ ಇಲ್ಲ.

ಸುಜಾತಾ: ಅದಕ್ಕೇ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೇ ಒಯ್ಯಬೇಕು. ಯಾರೇ ಮೊಳೆ ಹೊಡೆದರೂ ಬೋರ್ಡಿನ ಮೇಲೆ ಕೆಳಗೆ ಬಿಟ್ಟು ಹೊಡೆಯುತ್ತಾರೆ. ಅದಿರಲಿ ಕಾಕಾ, ಸ್ಲ್ಯಾಬಿನಲ್ಲಿ ಪೈಪ್ ಹಾಕಿಸಿದ್ದಿರಲ್ಲ? ಅದರಲ್ಲೇ ಯಾಕೆ ತರಲಿಲ್ಲ?

ಬಸಣ್ಣ ಕಾಕಾ: ಅದರಲ್ಲಿ ವೈರ್ ಎಳೆಯುವ ಸ್ಪ್ರಿಂಗ್ ಹೋಗುತ್ತಿಲ್ಲವಂತೆ.

ಸುಜಾತಾ: ಇದನ್ನು ಮೊದಲು ಹೇಳಬೇಕಿತ್ತು! ಹಾಗಾದರೆ ಪೈಪ್ ಉಳಿಸಲು ಕೊರೆದದ್ದಲ್ಲ, ತಪ್ಪು ಮುಚ್ಚಲು ಕೊರೆದದ್ದು. ಪೈಪಿನ ಜಾಯಿಂಟಿಗೆ ಸೊಲ್ಯೂಷನ್ (ಅಂಟು) ಹಚ್ಚದೆ ಸುಮ್ನೆ ತೂರಿಸಿರುತ್ತಾರೆ. ಕಾಂಕ್ರೀಟ್ ಹಾಕುವಾಗ ಯಾರೋ ತುಳಿದರೆ ಸಾಕು, ಜಾಯಿಂಟ್ ಬಿಟ್ಟುಕೊಂಡು ಸಿಮೆಂಟ್ ಹಾಲು ಒಳಗಿಳಿದು ಕಲ್ಲಾಗುತ್ತದೆ. ಸ್ಲ್ಯಾಬ್ ದಿನ ಒಬ್ಬ ವೈರ್‌ಮನ್ ಪೂರ್ತಿ ಹೊತ್ತು ಮೇಲೇ ನಿಂತಿರಬೇಕು. ನಿಮ್ಮ ವೈರ್‌ಮನ್ ಇದ್ದನಾ?

ಬಸಣ್ಣ ಕಾಕಾ: ಬೆಳಿಗ್ಗೆ ಬಂದು ಹೋದ.

ಶಿವು: ಸೀಲಿಂಗ್ ಒಡೆದು ಪೈಪ್ ಬಿಡಿಸಿದರೆ?

ಸುಜಾತಾ: ಬೇಡವೇ ಬೇಡ ಶಿವು. ಒಡೆಯುವಾಗ ಸ್ಲ್ಯಾಬಿನೊಳಗಿನ ಕಬ್ಬಿಣದ ರಾಡಿಗೆ ಏಟು ಬೀಳುತ್ತದೆ. ಎರಡೂ ಬೋರ್ಡಿನಿಂದ ನೆಟ್ಟಗೆ ಕಟ್ ಮಾಡಿ, ಸೀಲಿಂಗ್ ಕೆಳಗೆ ಹೊರಗಿನಿಂದ ಕೇಸಿಂಗ್ ಪಟ್ಟಿ (ವೈರ್ ಮುಚ್ಚುವ ಪಟ್ಟಿ) ಹಾಕೋಣ. ಅಡ್ಡ ಕೊರೆದದ್ದಕ್ಕೆ ನೀರು ಹೊಡೆದು ಸಿಮೆಂಟ್ ತುಂಬಿ, ಮೇಲೆ ಜಾಲರಿ ಹೊಡೆದು ಪ್ಲಾಸ್ಟರ್. ಬೆಳಕು ಕಂಡ ಕಡೆ ಇಟ್ಟಿಗೆ ತೆಗೆದು ಹೊಸದಾಗಿ ಕಟ್ಟಬೇಕು.

ಬಸಣ್ಣ ಕಾಕಾ: ಹೊಸ ಮನೆಯಲ್ಲಿ ಹೊರಗಡೆ ಪಟ್ಟಿ ಕಂಡರೆ ಬೀಗರು ಏನಂತಾರೆ?

ಚೆನ್ನಮ್ಮ ಅತ್ತಿ: ಏನಾದರೂ ಅನ್ನಲಿ. ಆ ಮನೆಯಲ್ಲಿ ಮಕ್ಕಳು ಓಡಾಡುತ್ತಾರೆ.

ಬಸಣ್ಣ ಕಾಕಾ: ಆಯಿತು ಸುಜಾತಾ. ಮೇಲಿನ ಸ್ಲ್ಯಾಬಿಗೆ ಸೆಂಟ್ರಿಂಗ್ ನಡೆದಿದೆ, ಅದನ್ನೂ ನೋಡು. ನಾಳೆ 10ಕ್ಕೆ ಬಾ.

ಸುಜಾತಾ: 7ಕ್ಕೇ ಬರುತ್ತೇನೆ ಕಾಕಾ, ಬಿಸಿಲೇರಿದ ಮೇಲೆ ಮೇಲೆ ನಿಲ್ಲಲು ಆಗುವುದಿಲ್ಲ. ವೈರ್‌ಮನ್‌ಗೂ ಬರಲು ಹೇಳಿ. ಅಲ್ಲಿಯವರೆಗೆ ಯಾರೂ ಕಟರ್ ಮುಟ್ಟಬಾರದು.