ಅಪ್‌ಡೇಟ್: ಎಣ್ಣೆಯಲ್ಲಿ ಕಾಯಿಸಿದ ರಬ್ಬರ್ ಮರ

ಮಳೆಗಾಲದಲ್ಲಿ ಉಬ್ಬುವ ರಬ್ಬರ್ ಮರವನ್ನು ಅಡುಗೆ ಎಣ್ಣೆಯಲ್ಲಿ ಕಾಯಿಸಿದರೆ ಸರಿಹೋಗುತ್ತಾ ಅಂತ ನಾನು ಹಿಂದೆ ಕೇಳಿದ್ದೆ ಅಲ್ವಾ? ಉಬ್ಬುವುದು ಪೂರ್ತಿ ನಿಲ್ಲುವುದಿಲ್ಲ, ಆದರೆ ಚೆನ್ನಾಗಿಯೇ ಕಡಿಮೆಯಾಗುತ್ತದೆ.

ಒಣಗಿದ ಸಣ್ಣ ತುಂಡುಗಳನ್ನು ಬಯಲಲ್ಲಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಸೂರ್ಯಕಾಂತಿ ಎಣ್ಣೆಯಲ್ಲಿ ಇಟ್ಟೆ. ಆಮೇಲೆ ಕಾಯಿಸದ ತುಂಡುಗಳ ಜೊತೆ ನೀರಲ್ಲಿ ನೆನೆಹಾಕಿದೆ. ವ್ಯತ್ಯಾಸ ಕಣ್ಣಿಗೇ ಕಾಣಿಸಿತು.

ಇದು ಬರೀ ಎಣ್ಣೆ ಲೇಪದ ಕೆಲಸವಲ್ಲ. ಮರದಲ್ಲಿ ನೀರನ್ನು ಜಾಸ್ತಿ ಹಿಡಿದಿಡುವ ಹೆಮಿಸೆಲ್ಯುಲೋಸ್ ಅನ್ನುವ ನಾರಿನ ಅಂಶ ಈ ಶಾಖಕ್ಕೆ ಒಡೆಯುತ್ತದೆ. ಎಣ್ಣೆ ಗಾಳಿಯನ್ನು ದೂರವಿಟ್ಟು ಬಿಸಿಯನ್ನು ಸಮವಾಗಿ ಹಂಚುತ್ತದೆ. ಜರ್ಮನಿಯಲ್ಲಿ ರೇಪ್‌ಸೀಡ್ (ಸಾಸಿವೆ ಜಾತಿಯ ಬೀಜ) ಎಣ್ಣೆಯಿಂದ, ಮುಚ್ಚಿದ ಪಾತ್ರೆಯಲ್ಲಿ, 180ರಿಂದ 220 ಡಿಗ್ರಿಯಲ್ಲಿ ಇದನ್ನೇ ಮಾಡಿದ್ದಾರೆ.

ಬಣ್ಣ ಕಾಫಿಪುಡಿಯ ಹಾಗೆ ಗಾಢವಾಯಿತು. ನನಗಂತೂ ಇಷ್ಟ. ಆದರೆ ಮರ ಪೆಡಸಾಗಿದೆ, ಮೊಳೆ ಹೊಡೆದರೆ ಸೀಳುತ್ತದೆ. ಕುರ್ಚಿ ಕಾಲಿಗೆ ಬೇಡ, ಗೋಡೆಯ ಪಟ್ಟಿಗೆ ಸಾಕು.

ಹಸಿ ಮರ ಮಾತ್ರ ಹಾಕಬೇಡಿ. ಎಣ್ಣೆ ನೊರೆಯುಕ್ಕಿ ಬೆಂಕಿಗೆ ಚೆಲ್ಲುತ್ತದೆ. ಮನೆಯೊಳಗಂತೂ ಬೇಡವೇ ಬೇಡ.

ಮೇಲ್ಮೈ ಇನ್ನೂ ಜಿಡ್ಡಾಗಿದೆ, ಅಂಟು ಸರಿಯಾಗಿ ಹಿಡಿಯುತ್ತಿಲ್ಲ. ಇದಕ್ಕೆ ಯಾರಾದರೂ ಉಪಾಯ ಕಂಡಿದ್ದರೆ ಹೇಳಿ.