ಗ್ಲಾಕ್ 19: ಹಳೇ ಜೆನ್ 3 ಸಾಕಾ, ಜೆನ್ 5ಕ್ಕೇ ಹೋಗಬೇಕಾ?

ಕೇಳಿದವರು, ಡಲ್ಲಾಸ್:
ಗೆಳೆಯರೊಬ್ಬರು ತಮ್ಮ ಹಳೇ ಗ್ಲಾಕ್ 19 ಪಿಸ್ತೂಲು, ಜೆನ್ 3 (ಅಂದ್ರೆ ಮೂರನೇ ತಲೆಮಾರಿನದು), ಕೊಡ್ತೀನಿ ಅಂತಿದ್ದಾರೆ. ಅಂಗಡಿಯವನು ಜೆನ್ 5 ಬಿಟ್ಟು ಬೇರೆ ಮಾತೇ ಆಡಲ್ಲ. ಸೊಂಟಕ್ಕೆ ಕಟ್ಟಿಕೊಂಡು ಓಡಾಡೋಕೆ ಬೇಕು. ನನ್ನ ಮೊದಲ ಪಿಸ್ತೂಲು. ಎರಡೂ ಬಳಸಿದವರು ದಯವಿಟ್ಟು ಹೇಳಿ.

ಹ್ಯೂಸ್ಟನ್:
ನನ್ನ ಹತ್ತಿರ ಎರಡೂ ಇವೆ. ಜೆನ್ 3 ತಗೊಂಡು 11 ವರ್ಷ ಆಯ್ತು, ಜೆನ್ 5 ತಗೊಂಡು 4. ಸೊಂಟದಲ್ಲಿದ್ದಾಗ ಯಾವುದು ಯಾವುದು ಅಂತ ನನಗೇ ತಿಳಿಯಲ್ಲ. ನಳಿಗೆ 4 ಇಂಚು ಚಿಲ್ಲರೆ, ಮ್ಯಾಗಜೀನಿಗೆ 15 ಗುಂಡು, ಖಾಲಿ ತೂಕ 600 ಗ್ರಾಂ ಆಸುಪಾಸು. 1988ರಲ್ಲಿ ಈ ಮಾಡೆಲ್ ಬಂದಾಗಿನಿಂದ ಹೆಚ್ಚುಕಮ್ಮಿ ಅದೇ ಗಾತ್ರ.

ವ್ಯತ್ಯಾಸ ಇರೋದು ಹಿಡಿಯಲ್ಲಿ. ಜೆನ್ 3ರ ಹಿಡಿಯ ಮುಂದೆ ಬೆರಳು ಕೂರಲಿ ಅಂತ ಗುಳಿಗಳಿವೆ. ಅವು ಯಾರ ಬೆರಳಿನ ಅಳತೆಯೋ, ನನ್ನದಂತೂ ಅಲ್ಲ. ನನ್ನ ಉಂಗುರ ಬೆರಳು ಗುಳಿ ಬಿಟ್ಟು ನೇರ ದಿಬ್ಬದ ಮೇಲೇ ಕೂರುತ್ತೆ. 50 ಗುಂಡಿನ ತನಕ ಏನೂ ಅನ್ನಿಸಲ್ಲ. 200 ಹೊಡೆದ ದಿನ ಸಂಜೆ ಚಪಾತಿ ಲಟ್ಟಿಸುವಾಗ ಗೊತ್ತಾಗುತ್ತೆ. 2017ರಲ್ಲಿ ಜೆನ್ 5 ಬಂದಾಗ ಆ ಗುಳಿಗಳನ್ನೇ ತೆಗೆದುಹಾಕಿದರು. ಹಿಡಿಯ ಬೆನ್ನಿಗೆ ಬೇಕಾದ ದಪ್ಪದ ಪಟ್ಟಿ ಕೂರಿಸಿಕೊಳ್ಳಬಹುದು, ಮ್ಯಾಗಜೀನ್ ತೂರಿಸುವ ಬಾಯಿಯೂ ಅಗಲ. ಟ್ರಿಗರ್ ಒಂಚೂರು ನಯ. ಹೊಸ ನಳಿಗೆಯಿಂದ ಗುರಿ ಸುಧಾರಿಸುತ್ತೆ ಅಂತಾರೆ. 7 ಗಜದಲ್ಲಿ ನನಗೆ ಕಂಡಿಲ್ಲ. ನನ್ನ ಕೈ ನಡುಗಿದರೆ ನಳಿಗೆ ಏನು ಮಾಡೀತು?

ಬಿಡಿಭಾಗಕ್ಕೆ ಹಳೆಯದೇ ಅನುಕೂಲ. ಜೆನ್ 3ರ ಪೇಟೆಂಟ್ ಮುಗಿದಿರೋದ್ರಿಂದ ಬೇರೆ ಕಂಪನಿಗಳೂ ಅದೇ ಅಳತೆಯಲ್ಲಿ ಮಾಡ್ತಾವೆ. ನಡುವಿನ ಜೆನ್ 4 ಅಗ್ಗಕ್ಕೆ ಸಿಕ್ಕರೆ ಅದನ್ನೂ ಬಿಡಬೇಡಿ. ಮೊದಮೊದಲಿನವಕ್ಕೆ 2011ರಲ್ಲಿ ಕಂಪನಿಯೇ ರಿಕಾಯಿಲ್ ಸ್ಪ್ರಿಂಗ್ (ಹೊಡೆದಾಗಿನ ಹಿಂದೊದೆತ ತಡೆಯುವ ಸ್ಪ್ರಿಂಗ್) ಬದಲಿಸಿಕೊಟ್ಟಿತ್ತು, ಅದನ್ನು ಹಾಕಿಸಿದ್ದಾರಾ ಅಂತ ಮಾತ್ರ ಕೇಳಿ.

ಅಟ್ಲಾಂಟಾ:
ನಾನು ಎಡಚಿ, ನನಗೆ ಈ ಪ್ರಶ್ನೆಯೇ ಬರಲಿಲ್ಲ. ಜೆನ್ 5ರಲ್ಲಿ ಸ್ಲೈಡ್ (ಮೇಲೆ ಹಿಂದೆಮುಂದೆ ಜಾರುವ ಭಾಗ) ಬಿಡುವ ಲಿವರ್ ಎರಡೂ ಕಡೆ ಇದೆ. ಮ್ಯಾಗಜೀನ್ ಬಟನ್ನನ್ನೂ ಬಲಗಡೆಗೆ ತಿರುಗಿಸಿ ಹಾಕಿಕೊಂಡೆ. ಆಮೇಲೆ ನೋಡಿದರೆ ಗೆಳತಿಯ ಜೆನ್ 3 ಮ್ಯಾಗಜೀನ್ ನನ್ನದರಲ್ಲಿ ನಿಲ್ಲಲೇ ಇಲ್ಲ, ಬಟನ್ ಹಿಡಿದುಕೊಳ್ಳುವ ಕಚ್ಚು ಅದಕ್ಕೆ ಒಂದೇ ಕಡೆ. ಬಟನ್ ತಿರುಗಿಸದಿದ್ದರೆ ಹಳೆಯವೂ ನಡೆಯುತ್ತವೆ. ಹೋಲ್‌ಸ್ಟರ್ (ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಒರೆ) ಮಾತ್ರ ಹಾಕಿ ನೋಡದೆ ತಗೋಬೇಡಿ. ಜೆನ್ 3ಕ್ಕೆ ಅಂತ ಬಿಗಿಯಾಗಿ ಮಾಡಿದ ಕೆಲವಕ್ಕೆ ಆ ಇನ್ನೊಂದು ಕಡೆಯ ಲಿವರ್ ತಾಗುತ್ತೆ.

ಸ್ಯಾನ್ ಹೋಸೆ:
ನಿಮಗೆ ಆಯ್ಕೆಯಾದರೂ ಇದೆ! ನಾನು ತಗೊಂಡಾಗ ಕ್ಯಾಲಿಫೋರ್ನಿಯಾದ ರೋಸ್ಟರ್‌ನಲ್ಲಿ (ಅಂಗಡಿಯಲ್ಲಿ ಮಾರಬಹುದಾದ ಪಿಸ್ತೂಲುಗಳ ಸರ್ಕಾರಿ ಪಟ್ಟಿ) ಇದ್ದದ್ದು ಜೆನ್ 3 ಒಂದೇ. ಗುರಿ ನೋಡುವ ಪ್ಲಾಸ್ಟಿಕ್ ಸೈಟ್ ತೆಗೆದು ಲೋಹದ್ದು ಹಾಕಿಸಿದೆ, ಅಷ್ಟೇ.

ಆಸ್ಟಿನ್:
ಮೊದಲು ವೀಸಾ ಯಾವುದು ಹೇಳಿ ಮಾರಾಯ್ರೇ. ಎಚ್-1ಬಿ (ತಾತ್ಕಾಲಿಕ ಕೆಲಸದ ವೀಸಾ) ಆದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಆ ತರದ ವೀಸಾದವರು ಬಂದೂಕು ಇಟ್ಟುಕೊಳ್ಳೋದೇ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಹೊರಡಬೇಡಿ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ತುಂಬಿದವರಿಗೆ ಪಿಸ್ತೂಲು ಕಟ್ಟಿಕೊಂಡು ಓಡಾಡೋಕೆ ಲೈಸೆನ್ಸ್ ಬೇಡ ಅನ್ನೋದನ್ನಷ್ಟೇ ಕೇಳಿಸಿಕೊಂಡು ನಮ್ಮವರು ಇದನ್ನು ಮರೆತುಬಿಡ್ತಾರೆ. ನಾನು ಕೊಡಗಿನವನು, ನಮ್ಮ ಆಯುಧಪೂಜೆಯಾದ ಕೈಲ್ ಮುಹೂರ್ತಕ್ಕೆ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಬೆಳೆದವನು. ಆದರೂ ಗ್ರೀನ್ ಕಾರ್ಡ್ ಬರುವ ತನಕ ಇಲ್ಲಿ ಒಂದನ್ನೂ ತಗೊಳ್ಳಲಿಲ್ಲ.

ಇನ್ನೊಂದು, ಇದು ಜೆನ್ 3, ಜೆನ್ 5 ಎರಡಕ್ಕೂ. ಬಿಚ್ಚಿ ಒರೆಸಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಅದಕ್ಕೇ ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆ ನಿಲ್ಲಿಸಿ, ಗುಂಡು ಕೂರುವ ಚೇಂಬರ್ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ಹೊಸಬರು ಸ್ಲೈಡನ್ನು ಮೊದಲು ಎಳೆದು ಆಮೇಲೆ ಮ್ಯಾಗಜೀನ್ ತೆಗೀತಾರೆ. ಅಷ್ಟರಲ್ಲಿ ಒಳಗೆ ಇನ್ನೊಂದು ಗುಂಡು ಕೂತಿರುತ್ತೆ.

ಕೇಳಿದವರು:
ಗ್ರೀನ್ ಕಾರ್ಡ್ ಇದೆ ಸರ್. ರೇಂಜ್‌ನಲ್ಲಿ ಎರಡನ್ನೂ ಬಾಡಿಗೆಗೆ ತಗೊಂಡು 50-50 ಹೊಡೆದೆ. ನನ್ನ ಬೆರಳು ಗುಳಿಯಲ್ಲಿ ಸರಿಯಾಗಿ ಕೂತಿತು. ಗೆಳೆಯರದ್ದನ್ನೇ ತಗೊಳ್ತೀನಿ. ಉಳಿಯೋ ದುಡ್ಡಿಗೆ ಗಟ್ಟಿ ಬೆಲ್ಟು, ಹೋಲ್‌ಸ್ಟರ್, ಬೀಗ ಇರೋ ಪೆಟ್ಟಿಗೆ.

ಹ್ಯೂಸ್ಟನ್:
50 ಸಾಲದು. 200 ಹೊಡೆದು ಚಪಾತಿ ಲಟ್ಟಿಸಿ ನೋಡಿ, ಆಮೇಲೆ ದುಡ್ಡು ಕೊಡಿ.